ಆಟದಂಗಳ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ದು ಮೂಲ ಬಾಗಲಕೋಟಿ ಕಡೆ, ಹುಟ್ಟಿ ಬೆಳದದ್ದು ವಾಸ್ಕೋದಾಗ. 2025ರ ಅಕ್ಟೋಬರ್ 14ಕ್ಕ ಫಾತೋರ್ಡಾ ಸ್ಟೇಡಿಯಮ್ಮಿನಾಗ ಇಂಡಿಯಾ-ಸಿಂಗಾಪುರ ಫುಟ್‌ಬಾಲ್ ಮ್ಯಾಚಿಗೆ ಗೆಳ್ಯಾರೆಲ್ಲ ಸೇರಿ ಹೋಗಿದ್ವಿ, ನಮ್ಮ ಛಾಂಗ್ಟೆ ಗೋಲ್ ಹೊಡದಾಗ ಕುಣದೇ ಕುಣದ್ವಿ, ಆಮ್ಯಾಲ ಎರಡು ಗೋಲ್ ತಿಂದು ಏಷ್ಯನ್ ಕಪ್ ಆಸೇನ ಮುಗೀತು. ಮುಂದಿನ ತಿಂಗಳ ಢಾಕಾದಾಗ ಬಾಂಗ್ಲಾಕ್ಕೂ ಸೋತ್ರು. ನಮ್ಮ ಓಣಿ ಹುಡುಗ್ರು ಪೋರ್ಚುಗಲ್ ಜರ್ಸಿ ಹಾಕ್ಕೊಂಡು ಆರಾಮ ಅದಾರ, ನಾನೂ ಇಂಡಿಯಾ ಟೀಮ್ ನೋಡೋದು ಬಿಟ್ಟಬಿಡ್ಲೇನ್ರಿ?
– ಒಬ್ಬ ಅಭಿಮಾನಿ, ವಾಸ್ಕೋ

ಉತ್ತರ: ಬಿಡಬೇಡಿ. ಸಿಟ್ಟು ಮಾತ್ರ ಪೂರ್ತಿ ನ್ಯಾಯವಾದದ್ದು, ನನಗೂ ಅಷ್ಟೇ ಇದೆ. 2024ರ ಜನವರಿಯಲ್ಲಿ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಮೂರೂ ಮ್ಯಾಚ್ ಸೋತ್ವಿ, ಒಂದೇ ಒಂದು ಗೋಲ್ ಇಲ್ಲ, ಆ ವರ್ಷ ಪೂರ್ತಿ ಒಂದು ಗೆಲುವೂ ಸಿಗಲಿಲ್ಲ. ರಿಟೈರ್ ಆಗಿದ್ದ ಕ್ಯಾಪ್ಟನ್ ಸುನಿಲ್ ಛೆಟ್ರಿಯನ್ನ 40ನೇ ವಯಸ್ಸಲ್ಲಿ ವಾಪಸ್ ಕರ್ಕೊಂಡು ಬರಬೇಕಾಯ್ತು ಅಂದ್ರೆ ಗೋಲ್ ಹೊಡೆಯೋ ಇನ್ನೊಬ್ಬನನ್ನ ನಾವು ತಯಾರೇ ಮಾಡಿಲ್ಲ ಅಂತ ತಾನೇ? ನಮ್ಮ ದೊಡ್ಡ ಲೀಗ್ ಐಎಸ್‌ಎಲ್‌ನ ಕ್ಲಬ್‌ಗಳು ಗೋಲ್ ಹೊಡೆಯೋ ಆ ಒಂದು ಜಾಗಕ್ಕೆ ಹೆಚ್ಚಾಗಿ ಫಾರಿನ್ ಸ್ಟ್ರೈಕರ್‌ನೇ ತರ್ತವೆ, ನಮ್ಮ ಹುಡುಗ್ರು ವಿಂಗ್‌ಗೋ ಬೆಂಚ್‌ಗೋ ಹೋಗ್ತಾರೆ, ಆಮೇಲೆ ದೇಶಕ್ಕೆ ಆಡೋವಾಗ ಬಾಕ್ಸ್ ಒಳಗೆ ಬಾಲ್ ಸಿಕ್ರೆ ತಡಬಡಾಯಿಸ್ತಾರೆ. ಇದು ಆಟಗಾರರ ತಪ್ಪಲ್ಲ ಅಂತಲೇ ನನ್ನ ವಾದ.

ಇನ್ನು ಆಡಳಿತ. ಮನೋಲೋ ಮಾರ್ಕೆಜ್ ಅವರನ್ನ ಎಫ್‌ಸಿ ಗೋವಾ ಕೋಚ್ ಆಗಿರುವಾಗಲೇ ದೇಶದ ಟೀಮಿಗೂ ಕೋಚ್ ಮಾಡಿದ್ರು, ಅರ್ಧ ಗಮನದಲ್ಲಿ ನಡೆಸೋ ಕೆಲಸಾನಾ ಅದು? 2025ರಲ್ಲಂತೂ ಲೀಗ್ ಒಪ್ಪಂದದ ಜಗಳ ಬಗೆಹರೀದೆ ಐಎಸ್‌ಎಲ್ ಸೀಸನ್ನೇ ಟೈಮಿಗೆ ಶುರುವಾಗಲಿಲ್ಲ, ನೀವು ನೋಡಿದ ಆ ಸಿಂಗಾಪುರ ಮ್ಯಾಚಿಗೆ ನಮ್ಮವರು ಬಂದಿದ್ದು ಲೀಗ್ ಮ್ಯಾಚ್‌ಗಳೇ ಇಲ್ಲದ ಹೊತ್ತಲ್ಲಿ. ಖಾಲಿದ್ ಜಮೀಲ್ ಕೋಚ್ ಆಗಿ ಬಂದ ಹೊಸತರಲ್ಲಿ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಒಮಾನ್‌ನ ಪೆನಾಲ್ಟಿಯಲ್ಲಿ ಸೋಲಿಸಿ ಮೂರನೇ ಸ್ಥಾನ ತಂದಿದ್ರು, ಅದನ್ನೂ ಮರೀಬಾರದು.

ಗೋವಾದಲ್ಲಿ ಇದ್ದು ಈ ಪ್ರಶ್ನೆ ಕೇಳಿದ್ದೀರಿ, ಅದಕ್ಕೇ ಇನ್ನೂ ಸಂಕಟ ಆಗುತ್ತೆ. 1956ರ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಮೇಲೆ ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಗೋವಾ ಮೂಲದವರು. ಐದು ಸಲ ದೇಶದ ಲೀಗ್ ಗೆದ್ದ ಡೆಂಪೋ, ಜೊತೆಗೆ ಸಾಲ್ಗಾಂವ್ಕರ್, ಸ್ಪೋರ್ಟಿಂಗ್, ಈ ಮೂರೂ ಗೋವಾ ಕ್ಲಬ್‌ಗಳು 2016ರಲ್ಲಿ ಆಗಿನ ದೇಶದ ಲೀಗ್ ಆದ ಐ-ಲೀಗ್ ಬಿಟ್ಟು ಹೋದ್ವು. ಇಂಥ ಕ್ಲಬ್‌ಗಳೇ ದೊಡ್ಡ ಲೀಗ್‌ನಲ್ಲಿ ಇಲ್ಲ ಅಂದ್ಮೇಲೆ ಊರ ಹುಡುಗ್ರು ಮೇಲೆ ಬರೋ ದಾರಿ ಎಷ್ಟು ಉಳೀತು ಹೇಳಿ. ಆದ್ರೂ ಬರ್ತಾರೆ! ನೀವು ಸಿಂಗಾಪುರ ಮ್ಯಾಚ್ ನೋಡಿ ಎಂಟೇ ದಿನಕ್ಕೆ ಅದೇ ಫಾತೋರ್ಡಾಕ್ಕೆ ಸೌದಿ ಕ್ಲಬ್ ಅಲ್ ನಸ್ರ್ ಬಂತು, ಅದರ ಸ್ಟಾರ್ ರೊನಾಲ್ಡೋ ಬರಲಿಲ್ಲ, ಎಫ್‌ಸಿ ಗೋವಾ 1-2ರಿಂದ ಸೋತ್ರೂ ಆ ಒಂದು ಗೋಲ್ ಹೊಡೆದಿದ್ದು ಗೋವಾದವನೇ ಆದ ಬ್ರೈಸನ್ ಫರ್ನಾಂಡಿಸ್. ಓಣಿ ಹುಡುಗ್ರಿಗೆ ಅವನ ಹೆಸರು ಹೇಳಿ, ನಿಮ್ಮ ವಾಸ್ಕೋದ ತಿಲಕ್ ಮೈದಾನದಲ್ಲಿ ಲೋಕಲ್ ಮ್ಯಾಚ್ ಇದ್ದಾಗ ಕರ್ಕೊಂಡು ಹೋಗಿ.

ಪ್ರಶ್ನೆ: ಛೆಟ್ರಿ ವಿಡಿಯೋದಲ್ಲಿ ಜನರನ್ನ ಸ್ಟೇಡಿಯಂಗೆ ಬನ್ನಿ ಅಂತ ಕೇಳ್ಕೊಂಡಿದ್ದು ಮುಂಬೈನಲ್ಲೇನಾ?
– ಓದುಗರು, ಡೊಂಬಿವಲಿ

ಉತ್ತರ: ಹೌದು, 2018ರ ಜೂನ್‌ನಲ್ಲಿ, ಅಂಧೇರಿಯಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ನಡೀತಿದ್ದಾಗ. ಚೈನೀಸ್ ತೈಪೆ ಮೇಲೆ 5-0 ಗೆದ್ರೂ ಸೀಟು ಖಾಲಿ ಹೊಡೀತಿತ್ತು. ಬೈಯೋದಕ್ಕಾದ್ರೂ ಬನ್ನಿ ಅಂದ್ರು ಛೆಟ್ರಿ, ಮುಂದಿನ ಕೀನ್ಯಾ ಮ್ಯಾಚು ಹೌಸ್‌ಫುಲ್ ಆಯ್ತು, 3-0 ಗೆದ್ವಿ.