ಬರೆಯುವ ದಿನ ಮಾತ್ರ ಕುಡಿಯಲು ಬಿಡಲೇ?

ಪ್ರಶ್ನೆ: ನನ್ನ ಪತಿ ಇಂಗ್ಲಿಷ್ ಅಧ್ಯಾಪಕರು, ಕಥೆಗಾರರು. ಹದಿನೈದು ವರ್ಷಗಳ ಕುಡಿತವನ್ನು ಆಸ್ಪತ್ರೆ ಸೇರಿ ಬಿಟ್ಟು ಮೂರು ತಿಂಗಳಾಯಿತು. ಅಂದಿನಿಂದ ಒಂದು ಸಾಲನ್ನೂ ಬರೆದಿಲ್ಲ. ‘ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ ಕುಡಿಯುತ್ತಲೇ ನೊಬೆಲ್ ಪಡೆದ, ಬರೆಯುವ ದಿನ ಮಾತ್ರ ಎರಡು ಪೆಗ್‌ಗೆ ಒಪ್ಪಿಕೋ’ ಎನ್ನುತ್ತಾರೆ. ರಾತ್ರಿಯೆಲ್ಲ ಖಾಲಿ ಹಾಳೆಯ ಮುಂದೆ ಕೂರುವ ಅವರನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಒಬ್ಬರನ್ನೇ ಬಿಡಲು ಹೆದರಿ ಎರಡು ವರ್ಷದಿಂದ ತವರಿಗೂ ಹೋಗಿಲ್ಲ. ಒಪ್ಪಲೇ?
– ಹೆಸರು ಬೇಡ, ಮೈಸೂರು

ಉತ್ತರ: ಒಪ್ಪಬೇಡಿ, ಸೋದರಿ. ನಿಮ್ಮ ಪತಿ ಹೇಳಿದ್ದು ಸುಳ್ಳಲ್ಲ, ಆದರೆ ಫಾಕ್ನರ್ ಅವರ ಬದುಕಿನ ಅರ್ಧವನ್ನಷ್ಟೇ ಹೇಳಿದ್ದಾರೆ. ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿಯಲ್ಲಿ, 1929ರಲ್ಲಿ, ವಿಶ್ವವಿದ್ಯಾಲಯದ ವಿದ್ಯುದಾಗಾರದ ರಾತ್ರಿ ಪಾಳಿಯಲ್ಲಿ ದುಡಿಯುತ್ತಲೇ ಕೆಲವೇ ವಾರಗಳಲ್ಲಿ ಕಾದಂಬರಿಯೊಂದನ್ನು ಬರೆದು ಮುಗಿಸಿದ ಮನುಷ್ಯ ಅವರು. ಅವರ ಶ್ರೇಷ್ಠ ಕೃತಿಗಳಲ್ಲಿ ಹೆಚ್ಚಿನವು ದೇಹ ಇನ್ನೂ ತಡೆದುಕೊಳ್ಳುತ್ತಿದ್ದ, 1929ರಿಂದ ಮುಂದಿನ ಹದಿಮೂರು-ಹದಿನಾಲ್ಕು ವರ್ಷಗಳಲ್ಲಿ ಬಂದವು. 1937ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅಮಲಿನಲ್ಲಿ ಕುಸಿದು, ಬಿಸಿ ಹಬೆಯ ಕೊಳವೆಗೆ ಒರಗಿಕೊಂಡೇ ಎಚ್ಚರ ತಪ್ಪಿ ಬಿದ್ದಿದ್ದರಿಂದ ಅವರ ಬೆನ್ನು ಆಳವಾಗಿ ಸುಟ್ಟುಹೋಯಿತು. ಕುಡಿತದ ಚಿಕಿತ್ಸೆಗೆಂದು ಮತ್ತೆ ಮತ್ತೆ ಸೇರುತ್ತಿದ್ದ ಬೈಹೇಲಿಯಾ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿಯೇ 1962ರ ಜುಲೈ 6ರಂದು, 64ನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ನೊಬೆಲ್ ಹೆಸರು ಹೇಳುವವರು ಆ ಬೆನ್ನನ್ನೂ ನೆನೆಯಬೇಕು.

ಅದೇ ದಕ್ಷಿಣದ ಇನ್ನೊಬ್ಬ ಲೇಖಕರನ್ನು ಅವರಿಗೆ ಪರಿಚಯಿಸಿ. ಟೆಕ್ಸಾಸ್ ಮತ್ತು ಲೂಸಿಯಾನಾದ ಕರಾವಳಿಯಲ್ಲಿ ಬೆಳೆದ ಜೇಮ್ಸ್ ಲೀ ಬರ್ಕ್ 1970ರ ದಶಕದಲ್ಲಿ ಕುಡಿತ ಬಿಟ್ಟರು. ಬಿಟ್ಟ ಮಾತ್ರಕ್ಕೆ ಅದೃಷ್ಟವೇನೂ ಖುಲಾಯಿಸಲಿಲ್ಲ. ಅವರ ಒಂದು ಕಾದಂಬರಿ ಸುಮಾರು ಒಂಬತ್ತು ವರ್ಷಗಳಲ್ಲಿ 111 ಬಾರಿ ತಿರಸ್ಕೃತವಾಗಿ, ಕೊನೆಗೆ 1986ರಲ್ಲಿ ವಿಶ್ವವಿದ್ಯಾಲಯದ ಪ್ರಕಾಶನವೊಂದರಿಂದ ಹೊರಬಂತು. ಮರುವರ್ಷ ಅವರು ಸೃಷ್ಟಿಸಿದ ಪತ್ತೇದಾರ ಡೇವ್ ರೋಬಿಶೋ ಸ್ವತಃ ಕುಡಿತ ಬಿಟ್ಟವನು, ಪ್ರತಿದಿನವೂ ಆ ಆಸೆಯೊಡನೆ ಹೋರಾಡುವವನು. ಬರ್ಕ್ ಅವರಿಗೆ ಹೆಸರು ತಂದದ್ದು ಆ ಪಾತ್ರವೇ. ಹೋರಾಟವೇ ಅವರಿಗೆ ಕಥಾವಸ್ತುವಾಯಿತು ಎಂಬುದನ್ನು ನಿಮ್ಮ ಪತಿ ಕಥೆಗಾರರಾಗಿ ನನಗಿಂತ ಚೆನ್ನಾಗಿ ಅರಿಯಬಲ್ಲರು.

ಹದಿನೈದು ವರ್ಷ ಮದ್ಯಕ್ಕೆ ಒಗ್ಗಿದ ಮಿದುಳಿಗೆ ನಿದ್ರೆ, ಏಕಾಗ್ರತೆ, ಉಲ್ಲಾಸ ಮರಳಲು ಮೂರು ತಿಂಗಳು ಸಾಲದೇ ಹೋಗಬಹುದು. ಪ್ರತಿಭೆ ಬತ್ತಿತೆಂದು ಈಗಲೇ ತೀರ್ಮಾನಿಸುವುದು ಅವಸರ. ಚಟವಾಗಿದ್ದವರಿಗೆ ಎರಡು ಪೆಗ್ ಎರಡಾಗಿಯೇ ಉಳಿಯುವುದು ಬಹಳ ಅಪರೂಪ. ಅವರು ರಾತ್ರಿ ಕೂರುವ ಮೇಜು ಗ್ಲಾಸಿನ ಮೇಜೂ ಆಗಿತ್ತಲ್ಲವೇ? ಆ ಹೊತ್ತು, ಆ ಜಾಗ ಎರಡೂ ಕುಡಿತವನ್ನೇ ನೆನಪಿಸುತ್ತವೆ. ಬೆಳಗಿನ ಕಾಫಿಯ ಹೊತ್ತಿಗೆ, ಜಗಲಿಯಲ್ಲೋ ಅಡುಗೆಮನೆಯ ಪಕ್ಕದಲ್ಲೋ ಕುಳಿತು, ಕಥೆಯಲ್ಲದಿದ್ದರೂ ಸರಿ, ಆಸ್ಪತ್ರೆಯ ಮೊದಲ ರಾತ್ರಿಯ ಬಗ್ಗೆ ಅರ್ಧ ಪುಟ ಬರೆಯಲು ಹೇಳಿ.

ಈ ಬೇಡಿಕೆಯನ್ನು ನೀವೊಬ್ಬರೇ ಹೊರಬೇಡಿ. ಅವರ ವೈದ್ಯರಿಗೆ ತಿಳಿಸಿ. ಬಯಕೆ ತಗ್ಗಿಸುವ ಔಷಧಗಳಿವೆ. ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಸಭೆಗಳಿಗೆ ಅವರು ಹೋಗಬಹುದು. ಕುಡಿತಕ್ಕೆ ಒಳಗಾದವರ ಮನೆಮಂದಿಗಾಗಿಯೇ ಅಲ್-ಅನಾನ್ ಎಂಬ ಬಳಗವಿದೆ, ಅದು ನಿಮಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಒಂದು ವೇಳೆ ಅವರು ಮತ್ತೆ ದಿನವೂ ಕುಡಿಯಲು ತೊಡಗಿದರೆ, ಮನೆಯಲ್ಲಿ ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ಫಿಟ್ಸ್ ಬರುವ ಅಪಾಯವಿದೆ, ಆಸ್ಪತ್ರೆಗೇ ಕರೆದೊಯ್ಯಿರಿ.

ಪತ್ರದ ಕೊನೆಯಲ್ಲಿ ತವರಿನ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನನಗೆ ಹೆಚ್ಚು ನೋವಾದದ್ದು ಅಲ್ಲಿಯೇ. ವೈದ್ಯರೊಡನೆ ಮಾತನಾಡಿ, ಅವರ ಸ್ನೇಹಿತರೊಬ್ಬರಿಗೆ ಹೇಳಿಟ್ಟು, ಈ ಸಲದ ಗೌರಿ ಹಬ್ಬಕ್ಕೆ ಎರಡು ದಿನ ಹೋಗಿ ಬನ್ನಿ.