ಮಾತು ಕಡಿಮೆ ಅಂತ ಎಲ್ಲರೂ ಸೊಕ್ಕು ಅಂತಾರೆ, ಮಾತು ಕಲಿಸುವ ಕ್ಲಾಸಿಗೆ ಸೇರಲಾ?

ಸೇರಬೇಡಿ. ಆಫೀಸಿನವರ ಮುಂದೆ ಎದೆ ಡವಡವ ಅನ್ನುತ್ತದೆ, ಕೈ ಬೆವರುತ್ತದೆ ಅಂತ ಬರೆದಿದ್ದೀರಿ. ತಂಗಿ ಜೊತೆ ಗಂಟೆಗಟ್ಟಲೆ ಹರಟುತ್ತೇನೆ ಅಂತಲೂ ಬರೆದಿದ್ದೀರಿ. ಅಂದಮೇಲೆ ನಿಮಗೆ ಮಾತು ಚೆನ್ನಾಗಿಯೇ ಬರುತ್ತದೆ, ಅಲ್ವಾ? ಕ್ಲಾಸು ಏನು ಕಲಿಸುತ್ತದೆ?

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗಿಗೆ ಇದ್ದಾಗ ನನ್ನ ರೂಮಿನಲ್ಲಿ ಗದಗಿನ ಹುಡುಗ ಇದ್ದ. ಅವನೊಬ್ಬನ ಜೊತೆ ಮಾತ್ರ ನಾನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದೆ. ಅವನ ಅಪ್ಪ ತೀರಿಕೊಂಡರು. ಮಾತಾಡಿಸಿ ಬರೋಣ ಅಂತ ಗದಗಿಗೆ ಹೋದೆ. ಕಟ್ಟೆ ಮೇಲೆ ಹಿರಿಯರು ಕೂತಿದ್ದರು, ಬಾಗಿಲ ತುಂಬ ಚಪ್ಪಲಿ. ಒಳಗೆ ಕಾಲಿಟ್ಟರೆ ಎಲ್ಲರೂ ತಿರುಗಿ ನೋಡುತ್ತಾರೆ, ‘ನೀ ಯಾರಪಾ?’ ಅಂತಾರೆ, ನನ್ನ ದನಿ ನಡುಗುತ್ತದೆ. ತಲೆಯಲ್ಲಿ ಇದೊಂದೇ. ಫೋನ್ ಬಂದವನ ಹಾಗೆ ಮೊಬೈಲ್ ಕಿವಿಗಿಟ್ಟುಕೊಂಡು ವಾಪಸ್ ಬಸ್ ಸ್ಟ್ಯಾಂಡಿಗೆ ನಡೆದೆ.

ರಾತ್ರಿ ‘ಜ್ವರ ಬಂದಿತ್ತು, ಬರೋಕಾಗಲಿಲ್ಲ’ ಅಂತ ಮೆಸೇಜ್ ಹಾಕಿದೆ. ‘ನನ್ನ ತಮ್ಮ ಓಣ್ಯಾಗ ನಿನ್ನ ನೋಡ್ಯಾನ’ ಅಂತ ಉತ್ತರ ಬಂತು. ಆಮೇಲೆ ಅವನು ಮಾತಾಡಲಿಲ್ಲ. ಅವರಿಗೆ ಕಂಡಿದ್ದು ಏನು? ಮನೆ ಮುಂದೆ ಬಂದು, ಫೋನಲ್ಲಿ ಮಾತಾಡುತ್ತಾ ಹೊರಟುಹೋದವನು. ಸೊಕ್ಕು ಅನ್ನದೆ ಇನ್ನೇನು ಅಂತಾರೆ? ಬಾಗಿಲಿಂದ ತಿರುಗಿದ್ದನ್ನು ಅವನು ಕ್ಷಮಿಸುತ್ತಿದ್ದ. ‘ಬಂದಿದ್ದೆ, ಮಂದಿ ನೋಡಿ ಹೆದರಿಕೆಯಾಯಿತು’ ಅಂದಿದ್ದರೆ ಅವನಿಗೆ ಅರ್ಥವಾಗುತ್ತಿತ್ತು. ಗೆಳೆತನ ಕೆಡಿಸಿದ್ದು ಆ ಜ್ವರದ ಸುಳ್ಳು. ಭಯ ಬಲಿತಿದ್ದೂ ಅಲ್ಲೇ. ಬಸ್ಸು ಹತ್ತಿದ ಕೂಡಲೇ ಜೀವ ಹಗುರಾಯಿತಲ್ಲ, ಆ ಹಗುರವೇ ಭಯಕ್ಕೆ ಗೊಬ್ಬರ. ತಪ್ಪಿಸಿಕೊಂಡರೆ ನಿರಾಳ ಅಂತ ತಲೆ ಕಲಿತುಬಿಡುತ್ತದೆ. ಮುಂದೆ ಮದುವೆ, ಇಂಟರ್‌ವ್ಯೂ ಎಲ್ಲ ತಪ್ಪಿಸಿದೆ. ಮನೆಯವರು ‘ಭಾಳ ಶಾಂತ ಹುಡುಗ’ ಅಂತ ಹೊಗಳುತ್ತಿದ್ದರು. ಸೊಕ್ಕು ಅನ್ನುವ ಬೈಗುಳಕ್ಕಿಂತ ಆ ಹೊಗಳಿಕೆ ನನ್ನನ್ನು ಜಾಸ್ತಿ ಕೆಡಿಸಿತು.

ಮಂದಿ ಮುಂದೆ ಹೀಗೆ ಹೆದರೋದಕ್ಕೆ ಸೋಶಿಯಲ್ ಆಂಗ್ಸೈಟಿ ಅಂತ ಹೆಸರಿದೆ, ಚಿಕಿತ್ಸೆ ಇದೆ ಅಂತ ಗೊತ್ತಾಗಿದ್ದು ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋದಮೇಲೆ. ಆ ಚಿಕಿತ್ಸೆಗೆ ಸಿಬಿಟಿ ಅಂತಾರೆ, ಯೋಚನೆ, ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ. ಏನಾಗುತ್ತದೆ ಅಂತ ಹೆದರಿಕೆಯೋ ಅದನ್ನು ಮೊದಲೇ ಬರೆಯಬೇಕು, ಆಮೇಲೆ ನಿಜಕ್ಕೂ ಏನಾಯಿತು ಅಂತ ಬರೆಯಬೇಕು. ಲೈನ್ ಬಜಾರಿನಲ್ಲಿ ಪೇಡೆ ರೇಟು ಕೇಳಿ, ಕೊಳ್ಳದೆ ಬರೋದು ನನ್ನ ಮೊದಲ ಕೆಲಸ. ‘ಬೈತಾರೆ, ಎಲ್ಲರೂ ನೋಡ್ತಾರೆ’ ಅಂತ ಬರೆದಿದ್ದೆ. ಅಂಗಡಿಯವರು ರೇಟು ಹೇಳಿ ಮುಂದಿನ ಗಿರಾಕಿ ಕಡೆ ತಿರುಗಿದರು, ಅಷ್ಟೇ. ಹೀಗೇ ಸುಲಭದ್ದರಿಂದ ಕಷ್ಟದ್ದಕ್ಕೆ ಹೋಗಬೇಕು, ಮೊಬೈಲ್ ಜೇಬಲ್ಲಿಟ್ಟು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದನ್ನು ಡಾಕ್ಟರೇ ಹೇಳಬೇಕು. ಆಸ್ಪತ್ರೆಗೆ ಹೋಗೋಕೂ ಭಯವಾದರೆ 14416ಕ್ಕೆ ಫೋನ್ ಮಾಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಅದು, 2022ರಿಂದ ಇದೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಾನು ಈಗಲೂ ಕಡಿಮೆ ಮಾತಿನವನೇ. ಅದನ್ನು ಬದಲಿಸೋಕೆ ಹೋಗಿಲ್ಲ, ನೀವೂ ಹೋಗಬೇಡಿ. ಆಫೀಸಿನಲ್ಲಿ ಒಬ್ಬರಿಗಾದರೂ ಈ ವಾರವೇ ‘ನನಗೆ ಸೊಕ್ಕಿಲ್ಲ, ಮಂದಿ ಮುಂದೆ ಹೆದರಿಕೆ’ ಅಂತ ಹೇಳಿ. ಎದುರಿಗೆ ಹೇಳೋಕಾಗದಿದ್ದರೆ ವಾಟ್ಸಾಪಲ್ಲಿ ಬರೆಯಿರಿ.