ಹ್ಯಾಂಕ್ ವಿಲಿಯಮ್ಸ್ ತಟ್ಟೆ: ಅಸಲು ಯಾವುದು?

ಪ್ರಶ್ನೆ: ತಾತನ ಪೆಟ್ಟಿಗೆಯಲ್ಲಿ ಅಮೆರಿಕದ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಅವರ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆ, ಒಂದು ಎಲ್‌ಪಿ (ನಿಧಾನವಾಗಿ ತಿರುಗುವ, ಹೆಚ್ಚು ಹಾಡು ಹಿಡಿಯುವ ರೆಕಾರ್ಡ್) ಸಿಕ್ಕಿವೆ. ಎಲ್‌ಪಿಯಲ್ಲಿ ಪಿಟೀಲುಗಳ ದಂಡೇ ಇದೆ, ತಟ್ಟೆಯಲ್ಲಿಲ್ಲ. ಯಾವುದು ಅಸಲು? ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಬಹುದೇ?
– ಓದುಗರು, ಮಂಡ್ಯ

ಉತ್ತರ: ತಟ್ಟೆಯದ್ದೇ ಅಸಲು. ಹ್ಯಾಂಕ್ 1953ರ ಜನವರಿ 1ರಂದು, 29ನೇ ವಯಸ್ಸಿಗೇ ತೀರಿಕೊಂಡರು. 1960ರ ದಶಕದಲ್ಲಿ ಎಂಜಿಎಂ ರೆಕಾರ್ಡ್ ಕಂಪನಿ ಅವರ ಮೊನೊ (ಒಂದೇ ಚಾನೆಲ್‌ನ) ಮುದ್ರಿಕೆಗಳ ಮೇಲೆ ವಾದ್ಯವೃಂದ ಕೂರಿಸಿ ಮಾರಿತು. ಸ್ಟೀಲ್ ಗಿಟಾರ್, ಒಂಟಿ ಫಿಡಲ್, ದನಿ ಒಡೆದು ಮೇಲೇರುವ ಆ ಜಾಗ, ಎಲ್ಲವೂ ಅದರಡಿ ಹೂತುಹೋಗುತ್ತವೆ. ದೊಡ್ಡ ಅನ್ಯಾಯ! ಅವರು 1951ರಲ್ಲಿ ‘ಮದರ್ಸ್ ಬೆಸ್ಟ್’ ಹಿಟ್ಟಿನ ಕಂಪನಿಗಾಗಿ ರೇಡಿಯೊದಲ್ಲಿ ಹಾಡಿದ್ದೂ ಈಗ ಸಿಗುತ್ತದೆ, ತಪ್ಪದೆ ಕೇಳಿ.

ಸ್ಪಿರಿಟ್ ಖಂಡಿತ ಬೇಡ. 78ರ ತಟ್ಟೆಯಲ್ಲಿರುವುದು ಅರಗು, ಸ್ಪಿರಿಟ್‌ಗೆ ಕರಗುತ್ತದೆ. ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟವೇ ಒರೆಸಿ. ನಡುವಿನ ಲೇಬಲ್ ನೆನೆಯಬಾರದು. ಬರೀ ನೀರಿನಿಂದ ಮತ್ತೊಮ್ಮೆ ಒರೆಸಿ, ನೆರಳಲ್ಲಿ ನಿಲ್ಲಿಸಿ ಒಣಗಿಸಿ.

ಎಲ್‌ಪಿ ಮುಳ್ಳು 78ರ ತಟ್ಟೆಗೆ ತೀರಾ ಸಣ್ಣದು. ಗೆರೆಯ ತಳಕ್ಕೆ ಇಳಿದು ಕಸವನ್ನೇ ಕೆರೆಯುತ್ತದೆ, ಕರಕರ ಸದ್ದು ಅದರದೇ. 3 ಮಿಲ್, ಅಂದರೆ ಸುಮಾರು 75 ಮೈಕ್ರಾನ್‌ನ ಮುಳ್ಳು ಕೇಳಿ ಹಾಕಿಸಿ. ಕಂಪ್ಯೂಟರಿಗೆ ಇಳಿಸುವಾಗ ಎಡ-ಬಲ ಚಾನೆಲ್ ಕೂಡಿಸಿ ಮೊನೊ ಮಾಡಿದರೆ ಗೊರಗೊರ ಇನ್ನಷ್ಟು ತಗ್ಗುತ್ತದೆ.